ಮೂವತ್ತು ವ್ಯಾಟಿನ ಆಕಾಶವಾಣಿ

(ಸಂಘದ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ಪ್ರತಿ ವರ್ಷ ಈ ವೇದಿಕೆಯಲ್ಲಿ ಸಿಇಟಿ, ನೀಟ್, ಸ್ಕಾಲರ್‌ಶಿಪ್ ವಿಷಯ ಮಾತನಾಡುವುದು ವಾಡಿಕೆ. ಈ ಸಲ ಅಧ್ಯಕ್ಷರು ನನಗೆ ಫೋನ್ ಮಾಡಿ, "ನೀವು ಏನಾದರೂ ಬೇರೆ ಹೇಳಿ ಸಾಬ್, ಮಕ್ಕಳಿಗೆ ಅದನ್ನೆಲ್ಲ ಕೇಳಿ ಕೇಳಿ ಸಾಕಾಗಿದೆ" ಎಂದರು. ಅದೇ ವಾರ ನಮ್ಮ ಹಾಸ್ಟೆಲಿನ ಒಬ್ಬ ಹುಡುಗ ಒಂದು ಪ್ರಶ್ನೆ ಕೇಳಿದ್ದ. ಬೆಂಗಳೂರಿನಲ್ಲಿ ಅವನ ಮಾಮು ಓಡಿಸುವ ಕಾರಿನಲ್ಲಿ ಇಡೀ ದಿನ ಹಳೆಯ ಇಂಗ್ಲಿಷ್ ಹಾಡುಗಳ ಎಫ್.ಎಂ. ಬರುತ್ತಿತ್ತಂತೆ. "ಅದನ್ನು ಯಾರು ಕೇಳುತ್ತಾರೆ ಸಾರ್? ನಮ್ಮ ಊರಿಗೆ ಅಂತಹ ರೇಡಿಯೋ ಯಾಕಿಲ್ಲ?" ಎಂದು ಕೇಳಿದ. ಒಂದು ಮಾತಿನಲ್ಲಿ ಉತ್ತರ ಹೇಳಲು ನನಗೆ ಆಗಲಿಲ್ಲ. ಅದಕ್ಕೆ ಇಂದು ಮೈಸೂರಿನ ರೇಡಿಯೋ ಕಥೆಯನ್ನೇ ಹೇಳಿಬಿಡುತ್ತೇನೆ. ಅವನ ಪ್ರಶ್ನೆಗೆ ಉತ್ತರ ಆ ಕಥೆಯ ಒಳಗೇ ಇದೆ.

ನನಗೆ ರೇಡಿಯೋ ಪರಿಚಯವಾದದ್ದು ಹೊಗೆಸೊಪ್ಪಿನ ಬ್ಯಾರನ್ ಮುಂದೆ. ಇಲ್ಲಿರುವ ಅರ್ಧದಷ್ಟು ಜನರಿಗೆ ಬ್ಯಾರನ್ ಎಂದರೇನೆಂದು ಹೇಳಬೇಕಾಗಿಲ್ಲ. ಕಡ್ಡಿಗೆ ಕಟ್ಟಿದ ಸೊಪ್ಪನ್ನು ಒಳಗೆ ಏರಿಸಿ ಬೆಂಕಿ ಹಾಕಿದರೆ ಐದಾರು ದಿನ ಹಗಲು ರಾತ್ರಿ ಒಬ್ಬರು ಎಚ್ಚರವಾಗಿರಬೇಕು. ಶಾಖ ಸ್ವಲ್ಪ ಹೆಚ್ಚುಕಮ್ಮಿ ಆದರೂ ವರ್ಷದ ದುಡಿಮೆ ಕಪ್ಪಾಗಿ ಹೋಗುತ್ತದೆ. ನಮ್ಮ ಅಬ್ಬಾ ರಾತ್ರಿ ಪಾಳಿಗೆ ಕೂತಾಗ ಗೋಡೆಯ ಮೊಳೆಗೆ ರೇಡಿಯೋ ನೇತು ಹಾಕುತ್ತಿದ್ದರು. ಅದಕ್ಕೂ ಆಗ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಬೇಕಿತ್ತು! ಮುಳ್ಳು ಸದಾ ಬೆಂಗಳೂರಿನ 612 ಕಿಲೋಹರ್ಟ್ಸ್ ಮೇಲೆ ಇರುತ್ತಿತ್ತು. ಅಬ್ಬಾಗೆ ಕನ್ನಡ ಓದಲು ಬರುತ್ತಿರಲಿಲ್ಲ, ಉರ್ದು ಅಷ್ಟೋ ಇಷ್ಟೋ ಬರುತ್ತಿತ್ತು. ಆದರೆ ಬೆಳಗ್ಗೆ 7 ಗಂಟೆ 5 ನಿಮಿಷದ ಪ್ರದೇಶ ಸಮಾಚಾರ ಕೇಳದೆ ಅವರು ಚಹಾ ಕುಡಿಯುತ್ತಿರಲಿಲ್ಲ. ಅದಕ್ಕೆ ಮುಂಚೆ 6.55ಕ್ಕೆ ಸಂಸ್ಕೃತ ವಾರ್ತೆ. ಅದರ ಮೊದಲ ಎರಡು ವಾಕ್ಯ ನನಗೆ ಬಾಯಿಪಾಠವಾಗಿತ್ತು. ಶಾಲೆಯಲ್ಲಿ ಅದನ್ನು ಅನುಕರಣೆ ಮಾಡಿ ತೋರಿಸಿ ಪಂಡಿತ ಮೇಷ್ಟರಿಂದ ಒಮ್ಮೆ ಶಹಭಾಸ್‌ಗಿರಿ ಪಡೆದದ್ದೂ ಉಂಟು.

ಈಗ ಮೈಸೂರಿಗೆ ಬರೋಣ. ನೀವು ಆಕಾಶವಾಣಿ ಎಂದ ಕೂಡಲೇ ದೆಹಲಿ, ಸರ್ಕಾರ ಎಂದುಕೊಳ್ಳುತ್ತೀರಿ. ಆದರೆ ಮೈಸೂರಿನ ಆಕಾಶವಾಣಿಯನ್ನು ಸರ್ಕಾರ ಹುಟ್ಟಿಸಲಿಲ್ಲ, ಒಬ್ಬ ಮೇಷ್ಟರು ಹುಟ್ಟಿಸಿದರು. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿ ಅವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರವನ್ನು ಆರಂಭಿಸಿದರು. ಮನೆಯ ಹೆಸರು 'ವಿಠಲ ವಿಹಾರ'. ಪ್ರಸಾರ ಯಂತ್ರದ ಶಕ್ತಿ 30 ವ್ಯಾಟ್. ನಮ್ಮ ಮನೆಗಳಲ್ಲಿ ಹಿಂದೆ ಉರಿಸುತ್ತಿದ್ದ ಹಳದಿ ಬಲ್ಬು 60 ವ್ಯಾಟಿನದು. ಅದರ ಅರ್ಧ ಶಕ್ತಿಯಲ್ಲಿ ಅವರು ಒಂದು ಊರಿಗೆ ಮಾತನಾಡಲು ಹೊರಟರು.

ಆ ಕಾಲವನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. ಬೊಂಬಾಯಿ ಮತ್ತು ಕಲ್ಕತ್ತೆಯಲ್ಲಿ 1927ರಲ್ಲಿ ಒಂದು ಖಾಸಗಿ ಕಂಪನಿ ರೇಡಿಯೋ ಆರಂಭಿಸಿ ಮೂರೇ ವರ್ಷದಲ್ಲಿ ದಿವಾಳಿಯಾಗಿತ್ತು. ಅದನ್ನು ಬ್ರಿಟಿಷ್ ಸರ್ಕಾರ ವಹಿಸಿಕೊಂಡಿತ್ತು. ಮದ್ರಾಸಿನಲ್ಲಿ 1930ರಿಂದ ನಗರಸಭೆಯೇ ರೇಡಿಯೋ ನಡೆಸುತ್ತಿತ್ತು. ಹೈದರಾಬಾದಿನಲ್ಲಿ ಇದೇ 1935ರಲ್ಲಿ ನಿಜಾಮರ ಸರ್ಕಾರದ ರೇಡಿಯೋ ಉರ್ದುವಿನಲ್ಲಿ ಮಾತನಾಡತೊಡಗಿತ್ತು. ರಾಜಧಾನಿ ದೆಹಲಿಯಲ್ಲಿ ಇನ್ನೂ ಕೇಂದ್ರವೇ ಇರಲಿಲ್ಲ, ಅಲ್ಲಿ ಪ್ರಸಾರ ಶುರುವಾದದ್ದು 1936ರ ಜನವರಿ 1ರಂದು. 'ಆಲ್ ಇಂಡಿಯಾ ರೇಡಿಯೋ' ಎಂಬ ಹೆಸರು ಬಂದದ್ದು ಆ ವರ್ಷದ ಜೂನ್‌ನಲ್ಲಿ. ಅಂದರೆ ದೆಹಲಿಗಿಂತ ನಾಲ್ಕು ತಿಂಗಳು ಮೊದಲೇ ಮೈಸೂರಿನ ಒಬ್ಬ ಕಾಲೇಜು ಮೇಷ್ಟರ ಮನೆಯಿಂದ ಧ್ವನಿ ಹೊರಟಿತ್ತು. ಅದೂ ಅವರ ಸ್ವಂತ ಜೇಬಿನ ಖರ್ಚಿನಲ್ಲಿ.

ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಎಂಬ ಪ್ರಸಿದ್ಧ ಮನಃಶಾಸ್ತ್ರಜ್ಞರ ಬಳಿ ಓದಿ ಬಂದವರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಆರಂಭವಾದ ಮನಃಶಾಸ್ತ್ರ ವಿಭಾಗವನ್ನು ಕಟ್ಟಿದವರು. ಮನುಷ್ಯ ಹೇಗೆ ಕಲಿಯುತ್ತಾನೆ ಎಂಬುದೇ ಅವರ ವಿಷಯ. ಅಂತಹವರ ಕೈಗೆ ರೇಡಿಯೋ ಸಿಕ್ಕರೆ ಅವರು ಅದನ್ನು ದೊಡ್ಡ ತರಗತಿಯ ಹಾಗೆ ಕಂಡಿರಬೇಕು ಎಂದು ನನಗೆ ಅನಿಸುತ್ತದೆ. ಸಂಗೀತ, ಭಾಷಣ, ಸಾಹಿತ್ಯ ಎಲ್ಲವೂ ಆ ಮನೆಯ ಕೋಣೆಯಿಂದ ಹೊರಟವು. ಮುಂದೆ 250 ವ್ಯಾಟಿನ ಯಂತ್ರ ಬಂತು. ನಗರದ ಪುರಸಭೆಯೂ ಸಹಾಯ ಮಾಡಿತು. ಸುಮಾರು ಆರು ವರ್ಷ ಅವರು ಅದನ್ನು ನಡೆಸಿದರು. 1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ಅದನ್ನು ವಹಿಸಿಕೊಂಡಿತು. ಮೇಷ್ಟರ ಸಂಬಳದಲ್ಲಿ ಒಂದು ರೇಡಿಯೋ ಕೇಂದ್ರವನ್ನು ಆರು ವರ್ಷ ಉಸಿರಾಡಿಸುವುದೆಂದರೆ ಸಣ್ಣ ಮಾತಲ್ಲ. ನಮ್ಮ ಸಂಘದ ಖಜಾಂಚಿಯವರು ಮುಂದೆಯೇ ಕೂತಿದ್ದಾರೆ, ಅವರಿಗೆ ಈ ಕಷ್ಟ ಚೆನ್ನಾಗಿ ಅರ್ಥವಾಗುತ್ತದೆ!

ಈ ಕೇಂದ್ರಕ್ಕೆ ಇಟ್ಟ ಹೆಸರೇ 'ಆಕಾಶವಾಣಿ'. ಈ ಹೆಸರನ್ನು ಸೂಚಿಸಿದವರು ಗೋಪಾಲಸ್ವಾಮಿಯವರ ಜೊತೆಗಿದ್ದ, ಕನ್ನಡದ ಹಾಸ್ಯ ಸಾಹಿತಿ ನಾ. ಕಸ್ತೂರಿ ಅವರು ಎಂದು ಹೇಳುತ್ತಾರೆ. ಮುಂದೆ 1950ರ ದಶಕದಲ್ಲಿ ಭಾರತ ಸರ್ಕಾರ ಇಡೀ ದೇಶದ ರೇಡಿಯೋಗೆ ಇದೇ ಹೆಸರನ್ನು ತೆಗೆದುಕೊಂಡಿತು. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಕೋಟ್ಯಂತರ ಜನ ದಿನಾ ಕೇಳುವ ಒಂದು ಹೆಸರು ಮೈಸೂರಿನ ಒಂದು ಮನೆಯಿಂದ ಹೋದದ್ದು ಎಂಬುದು ನಮ್ಮ ಜಿಲ್ಲೆಯ ಮಕ್ಕಳಿಗೇ ಗೊತ್ತಿಲ್ಲ. ಪಠ್ಯಪುಸ್ತಕದಲ್ಲಿ ಇದಕ್ಕೆ ಒಂದು ಪಾಠ ಬೇಕಿತ್ತು ಎಂದು ನನ್ನ ಅಭಿಪ್ರಾಯ.

1950ರ ಏಪ್ರಿಲ್ 1ರಂದು ಮೈಸೂರು ಕೇಂದ್ರ ಆಲ್ ಇಂಡಿಯಾ ರೇಡಿಯೋಗೆ ಸೇರಿತು. ಐದು ವರ್ಷವಾದ ಮೇಲೆ, 1955ರ ನವೆಂಬರ್‌ನಲ್ಲಿ, ಕೇಂದ್ರವನ್ನು ಬೆಂಗಳೂರಿಗೆ ಸಾಗಿಸಿದರು. ಹೆಸರು ಕೊಟ್ಟ ಊರಿಗೇ ರೇಡಿಯೋ ಇಲ್ಲದಂತಾಯಿತು. ಹತ್ತೊಂಬತ್ತು ವರ್ಷ ಮೈಸೂರು ತನ್ನದೇ ಧ್ವನಿ ಇಲ್ಲದೆ ಬೆಂಗಳೂರನ್ನು ಕೇಳುತ್ತಾ ಕೂತಿತ್ತು. ಅಬ್ಬಾನ ರೇಡಿಯೋದ ಮುಳ್ಳು 612ರ ಮೇಲೆ ಯಾಕೆ ಇರುತ್ತಿತ್ತು ಎಂಬುದು ನನಗೆ ಅರ್ಥವಾದದ್ದು ಈ ಇತಿಹಾಸ ತಿಳಿದ ಮೇಲೆಯೇ. 1974ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯ ದಿನ, ಮೈಸೂರಿನಲ್ಲಿ ಆಕಾಶವಾಣಿ ಮತ್ತೆ ಆರಂಭವಾಯಿತು. ಯಾದವಗಿರಿಯ ಈಗಿನ ಕೇಂದ್ರ ಗೋಪಾಲಸ್ವಾಮಿಯವರ ಆ ಹಳೆಯ ಮನೆಗೆ ಕೂಗಳತೆಯ ದೂರದಲ್ಲೇ ಇದೆ.

ಆ ಕೇಂದ್ರದ ಒಳಗೆ ನಾನೂ ಒಮ್ಮೆ ಹೋಗಿದ್ದೇನೆ. 1979ರಲ್ಲಿ ಹುಣಸೂರಿನಲ್ಲಿ ಎರಡನೇ ಪಿ.ಯು.ಸಿ. ಓದುತ್ತಿದ್ದೆ. ಯುವಕರಿಗಾಗಿ 'ಯುವವಾಣಿ' ಎಂಬ ಕಾರ್ಯಕ್ರಮ ಬರುತ್ತಿತ್ತು. ಬ್ಯಾರನ್ ಮುಂದಿನ ರಾತ್ರಿಗಳ ಬಗ್ಗೆ ನಾಲ್ಕು ಪುಟ ಬರೆದು ಕಳಿಸಿದೆ. ಒಂದು ತಿಂಗಳಾದ ಮೇಲೆ ಕಂದು ಬಣ್ಣದ ಸರ್ಕಾರಿ ಲಕೋಟೆ ಬಂತು. ಅಬ್ಬಾ ಅದನ್ನು ನೋಡಿ ಜಮೀನಿನ ನೋಟೀಸ್ ಎಂದು ಹೆದರಿದರು. ಓದಿ ಹೇಳಿದಾಗಲೂ ಪೂರ್ತಿ ನಂಬಲಿಲ್ಲ. ಧ್ವನಿಮುದ್ರಣದ ದಿನ ನನ್ನ ಜೊತೆ ಅವರೂ ಬಸ್ಸಿನಲ್ಲಿ ಮೈಸೂರಿಗೆ ಬಂದು, ಹೊರಗೆ ಮರದ ಕೆಳಗೆ ಕೂತರು.

ಒಳಗೆ ಗೋಡೆಗೆಲ್ಲ ತೂತು ತೂತಿನ ಹಲಗೆ. ಹೆಜ್ಜೆಯ ಸಪ್ಪಳವೂ ಕೇಳುವುದಿಲ್ಲ. ನಾನು ರಾತ್ರಿಯೆಲ್ಲ ಅಭ್ಯಾಸ ಮಾಡಿದ್ದೆ. ಶ, ಷ, ಸ ಬೇರೆ ಬೇರೆ ಬರಲೆಂದು ಬಾಯಿ ನೋಯುವಷ್ಟು ಹೇಳಿಕೊಂಡಿದ್ದೆ. ಮೈಕಿನ ಮುಂದೆ ಕೂತು ಪಾಠ ಒಪ್ಪಿಸುವ ಹಾಗೆ ಗಟ್ಟಿಯಾಗಿ ಶುರುಮಾಡಿದೆ. ಅಲ್ಲಿದ್ದ ಹಿರಿಯರು ನಿಲ್ಲಿಸಿ ಬಹಳ ಪ್ರೀತಿಯಿಂದ, "ಓದಬೇಡಪ್ಪ. ನಿಮ್ಮ ತಂದೆಗೆ ಹೇಳುವ ಹಾಗೆ ಹೇಳು" ಎಂದರು. ನನಗೆ ಬಾಯಿ ಕಟ್ಟಿತು. ತಂದೆಗೆ ಹೇಳುವುದಾದರೆ ನಾನು ಉರ್ದುವಿನಲ್ಲಿ ಹೇಳಬೇಕು! ಸ್ವಲ್ಪ ಹೊತ್ತು ಯೋಚಿಸಿದೆ. ಆಮೇಲೆ ಪಕ್ಕದ ಹೊಲದ ಗೌಡರು ನೆನಪಾದರು. ಬ್ಯಾರನ್ ಮುಂದೆ ಎಷ್ಟೋ ರಾತ್ರಿ ಅವರ ಜೊತೆ ಮಾತನಾಡಿದ್ದೆ. ಅವರು ಎದುರಿಗೆ ಕೂತಿದ್ದಾರೆ ಎಂದುಕೊಂಡು ಹೇಳಿದೆ. ಒಂದೇ ಸಲಕ್ಕೆ ಮುಗಿಯಿತು. ಅದು ಪುಸ್ತಕದ ಕನ್ನಡ ಅಲ್ಲ, ನಮ್ಮ ಹುಣಸೂರು ಕಡೆಯ ಕನ್ನಡ. ಯಾರೂ ಅದನ್ನು ತಿದ್ದಲಿಲ್ಲ.

ಸಂಭಾವನೆ ಚೆಕ್‌ನಲ್ಲಿ ಬಂತು. ನಮ್ಮ ಮನೆಯಲ್ಲಿ ಯಾರಿಗೂ ಬ್ಯಾಂಕ್ ಖಾತೆ ಇರಲಿಲ್ಲ. ಆ ಚೆಕ್ಕಿಗಾಗಿಯೇ ಖಾತೆ ತೆರೆದೆವು. ಮುಂದೆ ನಾನು ಮೇಷ್ಟರಾದಾಗ ಸಂಬಳ ಬಂದದ್ದೂ ಅದೇ ಖಾತೆಗೆ.

ಇನ್ನು ಎಫ್.ಎಂ. ವಿಷಯ. ಹಳೆಯ ಮಧ್ಯಮ ತರಂಗದ ಪ್ರಸಾರ ನೆಲವನ್ನು ಹಿಡಿದುಕೊಂಡು ಬಹಳ ದೂರ ಹೋಗುತ್ತದೆ, ಆದರೆ ಗುಡುಗು ಸಿಡಿಲು ಬಂದರೆ ಕರಕರ ಶಬ್ದ. ಎಫ್.ಎಂ. ತರಂಗ ಹೆಚ್ಚುಕಡಿಮೆ ಕಣ್ಣಿನ ನೋಟದ ಹಾಗೆ ನೇರವಾಗಿ ಹೋಗುತ್ತದೆ. ಧ್ವನಿ ಶುದ್ಧ, ಆದರೆ ಗುಡ್ಡ ಅಡ್ಡ ಬಂದರೆ ಮುಗಿಯಿತು. ಮೈಸೂರು ಆಕಾಶವಾಣಿ ಈಗ 100.6 ಮೆಗಾಹರ್ಟ್ಸ್‌ನಲ್ಲಿ 10 ಕಿಲೋವ್ಯಾಟ್ ಶಕ್ತಿಯಲ್ಲಿ ಬರುತ್ತದೆ. ಮೇಷ್ಟರ 30 ವ್ಯಾಟಿಗೆ ಹೋಲಿಸಿದರೆ ಮುನ್ನೂರು ಪಟ್ಟಿಗಿಂತ ಹೆಚ್ಚು. ಕೆ.ಆರ್.ನಗರದ ಗದ್ದೆ ಬಯಲಿನಲ್ಲಿ, ಹುಣಸೂರಿನಲ್ಲಿ ಸಲೀಸಾಗಿ ಸಿಗುತ್ತದೆ. ಪಿರಿಯಾಪಟ್ಟಣದವರ ಸ್ಥಿತಿ ಸ್ವಾರಸ್ಯವಾದುದು. ಅವರು ಎರಡು ಕೇಂದ್ರಗಳ ನಡುವೆ ಇದ್ದಾರೆ, ಒಂದು ಕಡೆ ಮೈಸೂರಿನ 100.6, ಇನ್ನೊಂದು ಕಡೆ ಮಡಿಕೇರಿಯ 103.1. ಎಚ್.ಡಿ.ಕೋಟೆಯ ಕಾಡಂಚಿನಲ್ಲಿ ಏರು ಹತ್ತಿದರೆ ಧ್ವನಿ, ತಗ್ಗಿಗೆ ಇಳಿದರೆ ಮೌನ. ಆ ರಸ್ತೆಯಲ್ಲಿ ರೇಡಿಯೋ ಹಾಕಿಕೊಂಡು ಹೋದವರಿಗೆಲ್ಲ ಇದು ಗೊತ್ತು.

ಖಾಸಗಿ ಎಫ್.ಎಂ. ಬಂದದ್ದಕ್ಕೆ ಹಿನ್ನೆಲೆಯಾಗಿ ಒಂದು ತೀರ್ಪಿದೆ, ಕಾನೂನು ಓದುವ ಮಕ್ಕಳು ಇದನ್ನು ಬರೆದುಕೊಳ್ಳಿ. 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ಕ್ರಿಕೆಟ್ ಪಂದ್ಯಾವಳಿಯ ಪ್ರಸಾರದ ಮೊಕದ್ದಮೆಯಲ್ಲಿ, ಗಾಳಿಯ ತರಂಗಗಳು ಸಾರ್ವಜನಿಕ ಆಸ್ತಿ ಎಂದು ಹೇಳಿತು. ಅವು ಸರ್ಕಾರದ ಸ್ವತ್ತೂ ಅಲ್ಲ, ಹಣವಂತರ ಸ್ವತ್ತೂ ಅಲ್ಲ. ಆದರೆ 1999ರಲ್ಲಿ ಸರ್ಕಾರ 40 ನಗರಗಳಿಗೆ 108 ತರಂಗಾಂತರಗಳನ್ನು ಹರಾಜಿಗಿಟ್ಟಿತು. 2001ರ ಜುಲೈ 3ರಂದು ಬೆಂಗಳೂರಿನಲ್ಲಿ ರೇಡಿಯೋ ಸಿಟಿ ಆರಂಭವಾಯಿತು, ದೇಶದ ಮೊದಲ ಖಾಸಗಿ ಎಫ್.ಎಂ. ಅದು. ಮುಂದಿನ ಹಂತದಲ್ಲಿ ಮೈಸೂರಿಗೂ 92.7 ಮತ್ತು 93.5 ಬಂದವು.

ಇನ್ನು ನಮ್ಮ ಹುಡುಗನ ಪ್ರಶ್ನೆ. ಬೆಂಗಳೂರಿನಲ್ಲಿ 2006ರಲ್ಲಿ 91.9ರಲ್ಲಿ ರೇಡಿಯೋ ಇಂಡಿಗೋ ಎಂಬ ಇಂಗ್ಲಿಷ್ ಹಾಡುಗಳ ಕೇಂದ್ರ ಶುರುವಾಯಿತು. ಇಂತಹ ಕೇಂದ್ರಗಳ ಪಾಠ ಅಮೆರಿಕದ್ದು. ಅಲ್ಲಿ 'ಅಡಲ್ಟ್ ಕಾಂಟೆಂಪರರಿ' ಎಂಬ ಒಂದು ಬಗೆಯೇ ಇದೆ. ಹೆಸರು ಕೇಳಿ ತಪ್ಪು ತಿಳಿಯಬೇಡಿ, ಅದರ ಅರ್ಥ ವಯಸ್ಕರಿಗೆ ಹಿಡಿಸುವ ಈ ಕಾಲದ ಇಂಪಾದ ಹಾಡುಗಳು ಎಂದಷ್ಟೇ. ಬಿಲ್‌ಬೋರ್ಡ್ ಎಂಬ ಪತ್ರಿಕೆ 1961ರಲ್ಲಿ 'ಈಸಿ ಲಿಸನಿಂಗ್' ಎಂದು ಪಟ್ಟಿ ಮಾಡಲು ಶುರುಮಾಡಿ, 1979ರಲ್ಲಿ ಅದಕ್ಕೆ ಈ ಹೆಸರು ಕೊಟ್ಟಿತು. ಕಚೇರಿಯಲ್ಲಿ, ಕಾರಿನಲ್ಲಿ, ದಂತವೈದ್ಯರ ಕೋಣೆಯಲ್ಲಿ ಯಾರಿಗೂ ಕಿರಿಕಿರಿಯಾಗದ ಹಾಡು. ಅಲ್ಲಿ ಮೊದಲು ಲೆಕ್ಕ ಹಾಕುವುದು ಹಾಡನ್ನಲ್ಲ, ಕೇಳುವವರನ್ನು. 25 ವರ್ಷ ದಾಟಿದವರು, ಸಂಬಳ ಬರುವವರು, ಕೊಳ್ಳುವ ಶಕ್ತಿ ಇರುವವರು ಯಾರು? ಅವರಿಗೆ ಜಾಹೀರಾತು ತಲುಪಿಸಬೇಕು, ಅದಕ್ಕೆ ಯಾವ ಹಾಡು ಬೇಕು? ಇದು ತಪ್ಪು ಎಂದು ನಾನು ಹೇಳುತ್ತಿಲ್ಲ. ವ್ಯಾಪಾರ ಹಾಗೆಯೇ ನಡೆಯುತ್ತದೆ, ನಮ್ಮ ಬಟ್ಟೆ ಅಂಗಡಿಯವರೂ ರಂಜಾನ್ ತಿಂಗಳಿಗೆ ಬೇರೆ ಮಾಲು ತರಿಸುತ್ತಾರೆ. ಆದರೆ ಆ ಲೆಕ್ಕದಲ್ಲಿ ನಾವು ಬರುವುದೇ ಇಲ್ಲ. ಖಾಸಗಿ ಎಫ್.ಎಂ. ಹರಾಜು ನಡೆಯುವುದು ಜನಸಂಖ್ಯೆ ಒಂದು ಲಕ್ಷಕ್ಕಿಂತ ಹೆಚ್ಚಿರುವ ನಗರಗಳಿಗೆ. 2011ರ ಜನಗಣತಿಯಲ್ಲಿ ಹುಣಸೂರು ಪಟ್ಟಣ ಸುಮಾರು 50 ಸಾವಿರ. ಉಳಿದ ಮೂರು ತಾಲ್ಲೂಕು ಕೇಂದ್ರಗಳು ಇನ್ನೂ ಚಿಕ್ಕವು. ಇನ್ನೊಂದು ಮಾತು, ಖಾಸಗಿ ಎಫ್.ಎಂ.ಗಳಿಗೆ ತಮ್ಮದೇ ಸುದ್ದಿ ಓದುವ ಅನುಮತಿಯೂ ಇಲ್ಲ, ಆಕಾಶವಾಣಿಯ ವಾರ್ತೆಯನ್ನು ಇದ್ದ ಹಾಗೇ ಮರುಪ್ರಸಾರ ಮಾಡಬಹುದು ಅಷ್ಟೇ. ಹಾಗಾಗಿ ಹೊಗೆಸೊಪ್ಪಿನ ಹರಾಜು ಕಟ್ಟೆಯಲ್ಲಿ ಏನಾಯಿತು ಎಂದು ಅಲ್ಲಿಂದ ನಮಗೆ ತಿಳಿಯುವುದಿಲ್ಲ.

ಹಾಗಾದರೆ ನಮಗೆ ದಾರಿ ಇಲ್ಲವೇ? ಇದೆ, ಅದೂ ನಮ್ಮ ಮಗ್ಗುಲಲ್ಲೇ. 2002ರ ಕೊನೆಯಲ್ಲಿ ಸರ್ಕಾರ ವಿದ್ಯಾಸಂಸ್ಥೆಗಳಿಗೆ ಸಣ್ಣ ರೇಡಿಯೋ ನಡೆಸಲು ಅವಕಾಶ ಕೊಟ್ಟಿತು. 2004ರಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯ ಮೊದಲು ಆರಂಭಿಸಿತು. 2006ರಲ್ಲಿ ಲಾಭವಿಲ್ಲದೆ ಕೆಲಸ ಮಾಡುವ ನೋಂದಾಯಿತ ಸಂಸ್ಥೆಗಳಿಗೂ ಬಾಗಿಲು ತೆರೆಯಿತು. ಇದನ್ನೇ ಸಮುದಾಯ ರೇಡಿಯೋ ಎನ್ನುತ್ತಾರೆ. 2012ರಲ್ಲಿ ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ 90.8ರಲ್ಲಿ 'ಜನಧ್ವನಿ' ಆರಂಭಿಸಿತು. ಈಗ ಸರಗೂರು ಪ್ರತ್ಯೇಕ ತಾಲ್ಲೂಕು, ಆಗ ಅದು ಎಚ್.ಡಿ.ಕೋಟೆಗೆ ಸೇರಿತ್ತು. ಮೈಸೂರಿನ ವೈದ್ಯಕೀಯ ವಿದ್ಯಾರ್ಥಿಗಳು 1984ರಲ್ಲಿ ಕಟ್ಟಿದ ಸಂಸ್ಥೆ ಅದು. ದೊಡ್ಡ ಎಫ್.ಎಂ.ಗಳ ಲೆಕ್ಕದಲ್ಲಿ ಬಾರದ ಹಾಡಿ, ಹಳ್ಳಿಗಳ ಜನರನ್ನೇ ನೆಚ್ಚಿಕೊಂಡು ಕಟ್ಟಿದ ರೇಡಿಯೋ.

ಸಮುದಾಯ ರೇಡಿಯೋದ ಪ್ರಸಾರ ಶಕ್ತಿ ಹೆಚ್ಚೆಂದರೆ 100 ವ್ಯಾಟ್, ಸಾಮಾನ್ಯವಾಗಿ ಬಳಸುವ ಯಂತ್ರ 50 ವ್ಯಾಟಿನದು. ಸುಮಾರು ಹತ್ತು ಹನ್ನೆರಡು ಕಿಲೋಮೀಟರ್ ಸುತ್ತಳತೆಗೆ ಕೇಳಿಸುತ್ತದೆ. 1935ರಲ್ಲಿ ಗೋಪಾಲಸ್ವಾಮಿಯವರ ಮನೆಯಲ್ಲಿ ಇದ್ದದ್ದೂ ಹೆಚ್ಚುಕಡಿಮೆ ಇಷ್ಟೇ. ಅಂದರೆ ಅವರು ಕಟ್ಟಿದ್ದು ದೊಡ್ಡ ಆಕಾಶವಾಣಿಯನ್ನಲ್ಲ, ಇವತ್ತಿನ ಅಳತೆಯಲ್ಲಿ ಒಂದು ಸಮುದಾಯ ರೇಡಿಯೋವನ್ನು.

ಈಗ ಪದಾಧಿಕಾರಿಗಳು ನನ್ನನ್ನು ಅನುಮಾನದಿಂದ ನೋಡುತ್ತಿದ್ದಾರೆ. ಸಂಘದ ಹಣದಲ್ಲಿ ರೇಡಿಯೋ ಕೇಂದ್ರ ಕಟ್ಟಿ ಎಂದು ನಾನು ಹೇಳುವುದಿಲ್ಲ. ಲೈಸೆನ್ಸ್, ಕಂಬ, ಸಿಬ್ಬಂದಿ, ಕರೆಂಟು ಬಿಲ್ಲು, ಇವೆಲ್ಲ ಈಗಲೇ ನಮ್ಮ ಕೈಲಾಗುವ ಕೆಲಸವಲ್ಲ. ಹಾಸ್ಟೆಲಿನ ಛಾವಣಿ ಸೋರುವುದು ಮೊದಲು ನಿಲ್ಲಲಿ. ನಾನು ಕೇಳುವುದು ಅದಕ್ಕಿಂತ ಬಹಳ ಚಿಕ್ಕದು.

ಹೋದ ತಿಂಗಳು ಹತ್ತನೇ ತರಗತಿಯ ಒಬ್ಬಳು ಹುಡುಗಿಗೆ, ನಿನ್ನ ಪ್ರಬಂಧ ಚೆನ್ನಾಗಿದೆ ಮಗಳೇ, ರೇಡಿಯೋಗೆ ಕಳಿಸೋಣ ಎಂದೆ. ಅವಳು ತಲೆ ತಗ್ಗಿಸಿ, "ನಮ್ಮ ಕನ್ನಡ ರೇಡಿಯೋ ಕನ್ನಡ ಅಲ್ಲ ಸಾರ್. ನಗ್ತಾರೆ" ಎಂದಳು. ಬರವಣಿಗೆಯಲ್ಲಿ ಅವಳಿಗೆ ನೂರಕ್ಕೆ ತೊಂಬತ್ತು. ಬಾಯಿ ತೆರೆಯಲು ಮಾತ್ರ ನಾಚಿಕೆ. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಮುಂದೆ ಕಾಲೇಜಿನಲ್ಲಿ ಇಂಗ್ಲಿಷ್. ಮೂರೂ ಭಾಷೆಯಲ್ಲಿ ಬರೆಯಬಲ್ಲ ಮಗು ಮೂರರಲ್ಲೂ ಮೌನವಾಗಿ ಕೂರುತ್ತದೆ. ಸಂದರ್ಶನದ ಕೋಣೆಯಲ್ಲಿ ನಮ್ಮ ಮಕ್ಕಳು ಅಂಕಗಳಿದ್ದೂ ಹಿಂದೆ ಬೀಳುವುದನ್ನು ಮೂವತ್ತು ವರ್ಷ ಮೇಷ್ಟರಾಗಿ ನೋಡಿದ್ದೇನೆ. ಕೆ.ಎಸ್. ನಿಸಾರ್ ಅಹಮದ್ ಅವರ ಹಾಡುಗಳ 'ನಿತ್ಯೋತ್ಸವ' ಕ್ಯಾಸೆಟ್ 1978ರಲ್ಲಿ ಬಂದಾಗ ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಅದಾಗಿತ್ತು ಎಂದು ಆ ಹುಡುಗಿಗೆ ಹೇಳಿದೆ. "ಅವರು ದೊಡ್ಡವರು ಸಾರ್" ಎಂದಳು. ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ನನ್ನ ಬಳಿ ಇದ್ದದ್ದು ಪಕ್ಕದ ಹೊಲದ ಗೌಡರ ಕಥೆ ಮಾತ್ರ. ಅದನ್ನೇ ಹೇಳಿದೆ. ನಕ್ಕಳು. ಆಮೇಲೆ, "ನಾನು ನಮ್ಮ ಬೀದಿಯ ಹೂ ಮಾರುವ ಅಕ್ಕನಿಗೆ ಹೇಳಿದ ಹಾಗೆ ಹೇಳಬಹುದಾ?" ಎಂದು ಕೇಳಿದಳು.

ಆದ್ದರಿಂದ ಒಂದು ಏರ್ಪಾಡು ಮಾಡಿದ್ದೇನೆ. ಮುಂದಿನ ಭಾನುವಾರದಿಂದ ಜುಹರ್ ನಮಾಜ್ ಆದ ಮೇಲೆ ಹಾಸ್ಟೆಲಿನ ಗ್ರಂಥಾಲಯದ ಕೋಣೆಯಲ್ಲಿ ಎರಡು ಗಂಟೆ ಧ್ವನಿಮುದ್ರಣ. ಯಂತ್ರ ಏನೂ ಬೇಡ, ಮೊಬೈಲ್ ಸಾಕು. ಕಿಟಕಿಗೆ ಜಮಖಾನ ಕಟ್ಟಿದರೆ ರಸ್ತೆಯ ಶಬ್ದ ಅರ್ಧ ನಿಲ್ಲುತ್ತದೆ, ಪರೀಕ್ಷೆ ಮಾಡಿ ನೋಡಿದ್ದೇನೆ. ಒಬ್ಬೊಬ್ಬರಿಗೆ ಐದು ನಿಮಿಷ. ನಿಮ್ಮ ತಂದೆಯ ಗ್ಯಾರೇಜು, ತಾಯಿಯ ಹೊಲಿಗೆ ಯಂತ್ರ, ಕೆ.ಆರ್.ನಗರದ ರೈಸ್ ಮಿಲ್ಲು, ಬ್ಯಾರನ್, ಯಾವುದಾದರೂ ಸರಿ. ಚೆನ್ನಾಗಿ ಬಂದದ್ದನ್ನು ಮೈಸೂರಿಗೂ ಸರಗೂರಿಗೂ ಕಳಿಸುತ್ತೇನೆ. ತೆಗೆದುಕೊಳ್ಳುವುದು ಬಿಡುವುದು ಅವರಿಗೆ ಬಿಟ್ಟದ್ದು. ಆ ಹುಡುಗಿಯ ಹೆಸರನ್ನು ಪಟ್ಟಿಯಲ್ಲಿ ಮೊದಲು ಬರೆದುಕೊಂಡಿದ್ದೇನೆ. ಎರಡನೆಯ ಹೆಸರು ಕೊಡುವವರು ಊಟದ ಸಾಲಿಗೆ ಹೋಗುವ ಮುಂಚೆ ಬಂದು ನನಗೆ ಹೇಳಿ, ಬಿರಿಯಾನಿ ಹಾಕಿದ ಮೇಲೆ ನೀವು ಯಾರೂ ನನ್ನ ಕೈಗೆ ಸಿಗುವುದಿಲ್ಲ.